ಮಾವ ಇಲ್ಲೇ ಕೂತಿದಾನೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಕೆಲಸ ಬಿಟ್ಟ ವೆಲ್ಡರ್ ಒಬ್ಬರು ಠಾಣೆಗೆ ಬಂದರು. ಕಿವಿ ಮಂದ. ಪರವಾಗಿ ಮಾತಾಡಲು ತೀರಿಹೋದ ತಂಗಿಯ ಮಗಳು ಜೊತೆಗಿದ್ದಳು. ಶನಿವಾರದಿಂದ ಅವರ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಕಂಪನಿಯ ಅಂಗಡಿಯಲ್ಲಿ ಕೇಳಿದರೆ, "ನಿಮ್ಮ ನಂಬರು ನಡೀತಾನೇ ಇದೆ, ಬೇರೆ ಫೋನಿಗೆ ನೀವೇ ಹಾಕಿಸ್ಕೊಂಡಿದೀರಲ್ಲ" ಎಂದು ಸಾಗಹಾಕಿದ್ದರು.

"ಹೊಸ ನಂಬರ್ ತಗೊಳ್ಳಿ ಯಜಮಾನ್ರೇ," ಎಂದು ಕೂಗಿ ಹೇಳಿದರು ಇನ್‌ಸ್ಪೆಕ್ಟರ್.

"ಆಗಲ್ಲ ಸಾರ್. ನನ್ನ ಮಗಳಿಗೆ ಗೊತ್ತಿರೋದು ಅದೊಂದೇ. ಹನ್ನೆರಡು ವರ್ಷದ ಹಿಂದೆ ಬಾಯಿಗೆ ಬಂದಂಗೆ ಬೈದು ಆಚೆ ಕಳಿಸಿದೆ. ಎಲ್ಲಿದಾಳೋ ಏನೋ. ಈಗ ಅವಳು ಮಾಡಿದ್ರೆ ಯಾರು ಎತ್ತುತಾರೆ?"

ಎಫ್‌ಐಆರ್ ದಾಖಲಾಯಿತು. ಈ ಇನ್‌ಸ್ಪೆಕ್ಟರಿಗೆ ಹಗ್ಗವೂ ಹಾವೇ. ಠಾಣೆಗೆ ಚಹಾ ತರುವವನನ್ನೂ ಒಮ್ಮೆ ದಿಟ್ಟಿಸಿ ನೋಡಿಯೇ ಲೋಟ ಮುಟ್ಟುವವರು.

ಮಂಗಳವಾರ ಕಂಪನಿಯ ಉತ್ತರ ಬಂತು. ಶನಿವಾರ ಮಧ್ಯಾಹ್ನ ವೆಲ್ಡರ್ ಫೋನಿನಿಂದಲೇ ಕಸ್ಟಮರ್ ಕೇರ್‌ಗೆ ಕರೆ ಹೋಗಿತ್ತು. ಯಾವ ಕಂಪನಿಯ ಸಿಮ್ಮಾದರೂ ನಡೆಯುವ ಅನ್‌ಲಾಕ್ಡ್ ಫೋನೊಂದಿದೆ, ನಂಬರನ್ನು, ಕಾರ್ಡು ಬೇಡದ ಇ-ಸಿಮ್ಮಾಗಿ, ಅದಕ್ಕೆ ಆ್ಯಕ್ಟಿವೇಟ್ ಮಾಡಿಕೊಡಿ ಎಂಬ ಕೋರಿಕೆ. ಒಪ್ಪಿಗೆ ಕೇಳಿದ ಮೆಸೇಜು ಬಂದದ್ದೂ ಹಳೇ ಫೋನಿಗೇ, ಉತ್ತರ ಹೋದದ್ದೂ ಅದರಿಂದಲೇ.

"ಅಂದ್ರೆ ಕಳ್ಳ ಮನೇಲೇ ಇದಾನೆ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್.

"ಇದಾಳೆ," ಎಂದರು ಇನ್‌ಸ್ಪೆಕ್ಟರ್, ಕರೆಯ ರೆಕಾರ್ಡಿಂಗ್ ಹಾಕುತ್ತ.

ತಗ್ಗಿಸಿದ ಹೆಣ್ಣು ದನಿ. "ನಾನು ಅವರ ಮಗಳು."

"ನಂಬರ್ ಅವರ ಹೆಸರಲ್ಲಿದೆ ಮೇಡಂ, ಅವರಿಗೇ ಕೊಡಿ."

"ಕಿವಿ ಕೇಳಿಸಲ್ಲ. ಮಾವ ಇಲ್ಲೇ ಕೂತಿದಾನೆ... ಅಲ್ಲ, ಅಪ್ಪ, ಅಪ್ಪ."

"ಮಾವ ಅಂದ್ಲು! ಮನೇಲಿ ಮಗನ ಹೆಂಡ್ತಿ ಇದಾಳಲ್ಲ, ಅವಳೇ," ಎಂದು ಹೆಡ್ ಕಾನ್‌ಸ್ಟೆಬಲ್ ಮೇಜು ಗುದ್ದಿದ.

ಸಂಜೆ ನಾಲ್ಕಕ್ಕೆ ಮನೆಗೆ ಹೋದರು. ವೆಲ್ಡರ್ ನಡುಮನೆಯ ಬೆಂಚಿನ ಮೇಲೆ ಕೂತಿದ್ದರು. ಸತ್ತ ಫೋನು ಅಂಗೈಯಲ್ಲೇ ಇತ್ತು. ಲಾರಿ ಓಡಿಸುವ ಮಗ ಊರಲ್ಲಿರಲಿಲ್ಲ. ತಂಗಿಯ ಮಗಳು ಒಳಗಿದ್ದ ಮಗನ ಹೆಂಡತಿಯತ್ತ ಕಣ್ಣು ತೋರಿಸಿ ಬಾಗಿಲಲ್ಲೇ ಪಿಸುಗುಟ್ಟಿದಳು: "ಅಕ್ಕಂಗೆ ಫೋನ್ ಹುಚ್ಚು ಸಾರ್. ನಾನು ಹೇಳ್ದೆ ಅನ್ಬೇಡಿ." ಹೇಳಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಮಗನ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು.

"ಶನಿವಾರ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ."

"ಮಾವನವರ ಫೋನು?"

"ಚಾರ್ಜಿಗೆ ಹಾಕಿತ್ತು. ಯಾಕೆ?"

ಇನ್‌ಸ್ಪೆಕ್ಟರ್ ರೆಕಾರ್ಡಿಂಗ್ ಕೇಳಿಸಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇದು ನಾನಾ? ಮದುವೆಯಾಗಿ ಏಳು ವರ್ಷ ಆಯ್ತು ಸಾರ್. ಒಂದ್ಸಲ 'ಕೂತಿದಾನೆ' ಅಂದಿದ್ರೆ ನಮ್ಮತ್ತೆ, ಪುಣ್ಯಾತ್ಗಿತ್ತಿ, ನಾಲಿಗೆ ಕಿತ್ತು ಕೈಗೆ ಕೊಡ್ತಿದ್ರು! ಕನಸಲ್ಲೂ ನಾನು 'ಕೂತಿದಾರೆ' ಅನ್ನೋದು. ನಾನೇನು ಅವರ ಕೈಯಲ್ಲಿ ಬೆಳೆದವಳಾ, ಹಂಗೆಲ್ಲ ಅನ್ನೋಕೆ?"

ಆಡಿದ್ದು ಅವಳಿಗೇ ತಡವಾಗಿ ಕೇಳಿಸಿತು. ಬಾಯಿಗೆ ಕೈ ಹೋಯಿತು. ಅಡುಗೆಮನೆಯ ನಲ್ಲಿ ನಿಂತಿತು.

ಮಗನ ಹೆಂಡತಿಯೂ ಸೊಸೆಯೇ, ತಂಗಿಯ ಮಗಳೂ ಸೊಸೆಯೇ. ಇಬ್ಬರಿಗೂ ಅವರು ಮಾವನೇ. ಆದರೆ ಏಕವಚನದ ಸಲಿಗೆ ಒಬ್ಬಳದು ಮಾತ್ರ. ಇನ್‌ಸ್ಪೆಕ್ಟರ್ ತಮ್ಮನ್ನು ತಾವೇ ಬೈದುಕೊಳ್ಳುತ್ತ ಎದ್ದರು.

ಫೋನು ತಂಗಿಯ ಮಗಳ ಹೊಲಿಗೆ ಮೆಷಿನ್ನಿನ ಮುಚ್ಚಳದೊಳಗಿತ್ತು. ನೆರೆಯ ಇಬ್ಬರ ಎದುರು ಪಂಚನಾಮೆ ಆಯಿತು. ಕಂಪನಿ ಕೊಟ್ಟಿದ್ದ ಫೋನಿನ ಗುರುತುಸಂಖ್ಯೆಯ ಹದಿನೈದು ಅಂಕಿಗಳೂ ಹೊಂದಿದವು. ಅದಕ್ಕೆ ಬಂದಿದ್ದದ್ದು ಒಂದೇ ಕರೆ, ಭಾನುವಾರ ಸಂಜೆಯದು.

"ಯಾರದು?" ಎಂದು ತಂಗಿಯ ಮಗಳನ್ನು ಕೇಳಿದರು.

"ಅವಳದೇ."

"ಏನಂದೆ?"

"ಮಾವ ಸತ್ತುಹೋದ ಅಂದೆ."

"ಏನಂತೆ? ಏನಂದ್ಲು?" ಎಂದು ವೆಲ್ಡರ್ ಎಲ್ಲರ ಮುಖ ನೋಡಿದರು. ಕೊನೆಗೆ ಇನ್‌ಸ್ಪೆಕ್ಟರೇ ಅವರ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು: "ನಿಮ್ಮ ಮಗಳು ಫೋನ್ ಮಾಡಿದ್ರು! ನೀವು ತೀರಿಹೋದ್ರಿ ಅಂತ ಇವಳು ಹೇಳಿದಾಳೆ!"

ಆಮೇಲೆ ಮಗನ ಹೆಂಡತಿಯ ಫೋನಿನಿಂದ ಮಗಳ ನಂಬರಿಗೆ ಕರೆ ಮಾಡಿ ಅದನ್ನು ಅವರ ಕೈಗಿತ್ತರು.

"ನಾನು ಕಣೇ. ಬದುಕಿದೀನಿ ಕಣೇ, ಅಳಬೇಡ," ಎಂದು ವೆಲ್ಡರ್ ಬೀದಿಗೆಲ್ಲ ಕೇಳುವಂತೆ ಕೂಗಿದರು.

ಬಂಧಿಸಿ ಜೀಪಿಗೆ ಹತ್ತಿಸುವಾಗ ಹುಡುಗಿ ತಾನಾಗಿಯೇ ಹೇಳಿದಳು. "ಅವಳು ಹೋದ ಮರುವರ್ಷ ನನ್ನ ಕರ್ಕೊಂಡು ಬಂದ ಮಾವ. ಆಗ ಹತ್ತು ವರ್ಷ ನಂಗೆ. ಹೋದ ವಾರ ಅವಳ ಫೋನ್ ನಾನೇ ಎತ್ತಿದೆ. ಮನೆಗೆ ಬರ್ತೀನಿ, ಭಾನುವಾರ ಅಪ್ಪನ ಹತ್ರ ಮಾತಾಡ್ತೀನಿ ಅಂದ್ಲು. ನೀನ್ಯಾರಮ್ಮ ಅಂತ ಕೇಳಿದ್ಲು ಸಾರ್. ಅಲ್ಲೀವರೆಗೂ ಆ ಮನೇಲಿ ನಾನೇ ಮಗಳು."

ಅವಳು ಬಾಗಿಲ ಕಡೆ ನೋಡಿ, "ಮಾವ" ಎಂದು ಕೂಗಿದಳು. ಎರಡು ಸಲ ಕೂಗಿದಳು. ಒಳಗೆ ವೆಲ್ಡರ್ ಫೋನನ್ನು ಕಿವಿಗೊತ್ತಿಕೊಂಡು, ಯಾವಾಗ ಬರ್ತೀಯ, ಯಾವ ಗಾಡಿಗೆ ಬರ್ತೀಯ ಎಂದು ಕೇಳುತ್ತಲೇ ಇದ್ದರು. ಜೀಪು ಹೊರಟದ್ದು ಅವರಿಗೆ ಗೊತ್ತಾಗಲಿಲ್ಲ.