ಮರಳಿನ ಮೂಟೆಯ ತೂಕ

ಗಲ್ಲಿಗೆ ಮುಂಚೆ ಹಗ್ಗ ತಡೆಯುತ್ತದೋ ಇಲ್ಲವೋ ನೋಡಲು ಕೈದಿಯಷ್ಟೇ ತೂಕದ ಮರಳಿನ ಮೂಟೆಯನ್ನು ಇಳಿಬಿಡುತ್ತೇವೆ. ಅದನ್ನು ತುಂಬುವ ಕೆಲಸ, ತಿಂಗಳಿಗೊಮ್ಮೆ ಕೈದಿಗಳನ್ನು ತೂಗುವ ಕೆಲಸ, ಎರಡೂ ಈ ಜೈಲಿನಲ್ಲಿ ನನ್ನ ತಲೆಗೇ ಕಟ್ಟಿದ್ದಾರೆ.

ಒಂದೇ ಕೊಲೆಗೆ ಇಬ್ಬರು ಒಳಗೆ ಬಂದಿದ್ದರು, ಒಬ್ಬ ಮಾಲೀಕ, ಇನ್ನೊಬ್ಬ ಅವನ ಕಾರಿನ ಡ್ರೈವರ್. ಕತ್ತು ಹಿಚುಕಿದ್ದು ಮಾಲೀಕನೇ ಎಂದು ಇಡೀ ಜೈಲು ಆಡಿಕೊಳ್ಳುತ್ತಿತ್ತು. ಅವನಿಗೆ ದೊಡ್ಡ ವಕೀಲರಿದ್ದರು, ಜೀವಾವಧಿಯಾಯಿತು. ಡ್ರೈವರ್‌ಗೆ ಗಲ್ಲು.

ಡ್ರೈವರ್ ಐವತ್ತೊಂದು ಕಿಲೋ. ಅಷ್ಟೇ ಮರಳು ಅಳೆದು, ತುಂಬಿ ಹೊಲಿದು ತೂಕಕ್ಕಿಟ್ಟರೆ ಮುಳ್ಳು ಎಂಬತ್ತಾರಕ್ಕೆ ಹೋಗಿ ನಿಂತಿತು. ಬಿಚ್ಚಿ ಸುರಿದು ಮತ್ತೆ ತುಂಬಿದೆ. ಮತ್ತೆ ಎಂಬತ್ತಾರು. ಮೂಟೆ ಮುಟ್ಟಿದರೆ ಜ್ವರದ ಮೈಯಂತೆ ಬೆಚ್ಚಗಿತ್ತು.

"ಸಾರ್, ಇದು ಆ ಮಾಲೀಕನ ತೂಕ," ಎಂದೆ ಜಮಾದಾರರಿಗೆ.

ಅವರು ತಲೆ ಎತ್ತಲಿಲ್ಲ. "ಗೊತ್ತು ಕಣಯ್ಯಾ. ನಾನೇನ್ ಮಾಡ್ಲಿ? ಆರ್ಡರ್‌ನಲ್ಲಿರೋದು ಡ್ರೈವರ್ ಹೆಸರು. ಅದನ್ನ ಮೂಲೆಗೆ ಹಾಕಿ ಬೇರೆ ಚೀಲ ತಗೊಂಡ್ ಬಾ."

ಬೇರೆ ಚೀಲ ಸರಿಯಾಗಿ ತೂಗಿತು. ಡ್ರೈವರ್ ಹೋದ.

ಮೊದಲನೆಯದು ಇನ್ನೂ ಮೂಲೆಯಲ್ಲೇ ಇದೆ. ಈ ತಿಂಗಳು ಮಾಲೀಕ ಕಾಯಿಲೆ ಬಿದ್ದು ಎಪ್ಪತ್ತೊಂಬತ್ತಕ್ಕೆ ಇಳಿದ. ಮನಸ್ಸು ತಡೆಯದೆ ನಿನ್ನೆ ಮೂಟೆಯನ್ನೂ ತೂಗಿದೆ.

ಎಪ್ಪತ್ತೊಂಬತ್ತು. ನಾನು ಹಾಕಿದ ಹೊಲಿಗೆ ಹಾಗೇ ಇದೆ. ನೆಲದ ಮೇಲೆ ಒಂದು ಕಣ ಮರಳೂ ಬಿದ್ದಿಲ್ಲ.