ಬಿಳಿ ಗುಬ್ಬಿಗಳ ಪಂಜರ

ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಬೆಳ್ಳಿ ಮಂಜಿನ ನಡುವೆ ನವಿಲುದುರ್ಗವೆಂಬ ರಾಜ್ಯವಿತ್ತು. ಅದರ ಅರಸ ಮಕರಧ್ವಜನದು ಪುಕ್ಕಲು ಜೀವ. ತಟ್ಟೆ ಬಿದ್ದರೂ ಬೆಚ್ಚಿಬೀಳುತ್ತಿದ್ದ. ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದು, "ಪ್ರಭು, ಅಪ್ಪಣೆಯಾದರೆ ಈ ರಾಜ್ಯದಲ್ಲಿ ಯಾರಿಗೂ ಗಾಬರಿಯೇ ಆಗದಂತೆ ಮಾಡುತ್ತೇನೆ" ಎಂದ. ಅರಸ ಹಿಂದೆಮುಂದೆ ನೋಡದೆ ಒಪ್ಪಿದ. ಮಾಂತ್ರಿಕ ಕೊಳಲೂದಿದ. ಒಬ್ಬೊಬ್ಬರ ಎದೆಯಿಂದಲೂ ಒಂದೊಂದು ಬಿಳಿ ಗುಬ್ಬಿ ಹಾರಿಬಂದು ಅವನ ಪಂಜರ ಸೇರಿತು.

ಜನ ನೆಮ್ಮದಿಯಾಗಿ ನಿದ್ದೆ ಮಾಡಿದರು. ಮಾಂತ್ರಿಕ ಸಾಕಿದ ಹುಲಿಗೆ ಓಡದ ಬೇಟೆ ಬೇಕಿತ್ತೆಂದು ಪಾಪ, ಅವರಿಗೇನು ಗೊತ್ತು?

ಮರುದಿನ ಚಾಪೆ ಹೆಣೆಯುವ ಬೊಮ್ಮಕ್ಕನ ಅಂಗಳಕ್ಕೆ ಆ ಹುಲಿ ಬಂತು. ಎರಡು ವರ್ಷದ ಮಗಳು ಚಿನ್ನಿ ಹೋಗಿ ಅದರ ಮೀಸೆ ಹಿಡಿದಳು. ಬೊಮ್ಮಕ್ಕ ನೋಡುತ್ತಲೇ ಚಾಪೆ ಹೆಣೆದಳು. ಹೊಟ್ಟೆ ತುಂಬಿದ್ದ ಹುಲಿ ಮಗುವನ್ನು ಮೂಸಿ ಹೊರಟುಹೋಯಿತು.

"ಅತ್ತೆ, ನಾನು ಯಾಕೆ ಏಳಲಿಲ್ಲ?" ಎಂದಳು ಬೊಮ್ಮಕ್ಕ.

"ನಾನೂ ಏಳಲಿಲ್ಲ ಕಣೆ. ನಾಳೆ ಅದು ಹಸಿದು ಬರುತ್ತೆ" ಎಂದಳು ಅತ್ತೆ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ.

ಗುಬ್ಬಿಗಳನ್ನು ಬಿಡಿಸಲೆಂದು ಬೊಮ್ಮಕ್ಕ ಆ ರಾತ್ರಿಯೇ ಮಾಂತ್ರಿಕನಿದ್ದ ಬೆಟ್ಟ ಹತ್ತಿದಳು. ಏಳು ಹೆಡೆಯ ಹಾವು ಬುಸುಗುಟ್ಟಿತು. "ಸ್ವಲ್ಪ ಸರಿ ತಾಯಿ" ಎಂದು ದಾಟಿದಳು. ಮುಂದೆ ಹೊಗೆಯ ಸೇತುವೆ. ಕೆಳಗಿನ ತಳವಿಲ್ಲದ ಕಣಿವೆಯಲ್ಲಿ ನಕ್ಷತ್ರಗಳು ತೇಲುತ್ತಿದ್ದವು. ಮನೆಯಂಗಳದಲ್ಲಿ ನಡೆದಂತೆ ನಡೆದಳು. ಕೊನೆಗೆ ಪಂಜರದ ಮುಂದೆ ಮಾಂತ್ರಿಕನೇ ಬೆಂಕಿಯಾಗಿ ನಿಂತ.

"ಮುಟ್ಟಿದರೆ ಸುಟ್ಟು ಬೂದಿಯಾಗುತ್ತೀಯೆ."

"ಆಗಲಿ" ಎಂದು ಬೊಮ್ಮಕ್ಕ ಕೈ ಹಾಕಿದಳು. ಬೆಂಕಿ ತಣ್ಣಗಿತ್ತು. ಅವನ ಮಾಯೆ ನಡೆಯುತ್ತಿದ್ದುದು ಹೆದರುವವರ ಮೇಲೆ ಮಾತ್ರ. ಗಾಬರಿಯನ್ನೆಲ್ಲ ತಾನೇ ಪಂಜರದಲ್ಲಿ ಕೂಡಿಹಾಕಿದ ಮೇಲೆ ಇನ್ನು ಯಾರನ್ನು ಹೆದರಿಸುವುದು? ಬುದ್ಧಿವಂತ ಹೀಗೇ ಕೆಡುವುದು.

ಪಂಜರ ತೆರೆಯಿತು. ಮಾಂತ್ರಿಕ ಹೊಗೆಯಾಗಿ ಕರಗಿದ. ಹಾವು, ಕಣಿವೆ ಎಲ್ಲ ಮಾಯವಾಗಿ ಹುಲ್ಲುದಾರಿ ಉಳಿಯಿತು. ಗುಬ್ಬಿಗಳು ಗುಂಪಾಗಿ ಊರಿನತ್ತ ಹಾರಿದವು. ಒಂದು ಮಾತ್ರ ಬೊಮ್ಮಕ್ಕನ ಎದೆ ಹೊಕ್ಕಿತು. ಎದೆ ಧಸಕ್ಕೆಂದಿತು. "ಅಯ್ಯೋ, ನನ್ನ ಮಗು" ಎನ್ನುತ್ತ ಎದ್ದುಬಿದ್ದು ಓಡಿದಳು.

ಅಂಗಳದಲ್ಲಿ ಹಸಿದ ಹುಲಿ ನಿಂತಿತ್ತು. ಚಿನ್ನಿ ಕಿಟಾರನೆ ಕಿರುಚಿದಳು. ಆ ಕೂಗಿಗೆ ಇಡೀ ಕೇರಿ ಗಾಬರಿಯಿಂದ ಓಡಿಬಂತು. ಒನಕೆ ಹಿಡಿದವರು, ಮೊರ ಹಿಡಿದವರು, ಹಿಂದೆ ಬರಿಗಾಲಲ್ಲಿ ಅರಸ. ಅತ್ತೆ ಆಗಲೇ ಮಗುವನ್ನು ಅವುಚಿಕೊಂಡು ಪೊರಕೆ ಎತ್ತಿದ್ದಳು. ಮೇಲೆ ಬೀಳುವ ಬೇಟೆಯನ್ನು ಕಂಡರಿಯದ ಹುಲಿ ಕಾಲಿಗೆ ಬುದ್ಧಿ ಹೇಳಿತು.

ಬೊಮ್ಮಕ್ಕ ಮಗಳನ್ನು ಎದೆಗೊತ್ತಿಕೊಂಡು ಅತ್ತಳು. ತಾನೂ ನಡುಗುತ್ತಿದ್ದ ಅರಸ, "ಗಾಬರಿಯಾಯಿತೇ ತಾಯಿ?" ಎಂದು ಕೇಳಿದ.

"ಹೂಂ ಬುದ್ಧಿ, ಬಹಳ" ಎಂದಳು. ಹಾಗೆನ್ನುವಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ನವಿಲುದುರ್ಗದಲ್ಲಿ ಒಂದು ಮಗು ಅತ್ತರೆ ಹತ್ತು ಮನೆಯ ಬಾಗಿಲು ತೆರೆಯುತ್ತಿತ್ತು. ಎಲ್ಲರೂ ಆಗಾಗ ಬೆಚ್ಚುತ್ತ, ಸುಖವಾಗಿ ಬಾಳಿದರು.