ಮುಖ ಹೊಲಿಯದ ಮೇಲಂಗಿ

"ಆ ಪಾದ್ರಿ ಮೇಲಂಗಿಗೆ ಅಲಗು ತಾಗಿಸಬೇಡ ಮಗಾ. ಬೇಕಿದ್ರೆ ಹಾಗೇ ಸುತ್ತಿ ಲಂಡನ್ನಿಗೆ ಹೊತ್ಕೊಂಡು ಹೋಗು. ನಾನು ಅಡ್ಡ ಬರಲ್ಲ."

ಇಗರ್ಜಿಯ ಕಸ ಗುಡಿಸುವ ಸಿಬಿಲ್ ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಜರ್ವಿಸ್ ತಲೆ ಎತ್ತದೆ ಚಾಕು ಮಸೆಯುತ್ತಿದ್ದ. ಹಳೆಯ ಪೂಜೆಯ ಬಟ್ಟೆಗಳನ್ನು ಸುಟ್ಟು ಜರಿಯ ಚಿನ್ನ ತೆಗೆಯಿರಿ ಎಂದು ರಾಜನ ಅಪ್ಪಣೆಯಾಗಿತ್ತು. ಅವನೂ ತಮ್ಮ ಮೈಲ್ಸನೂ ಆ ಚಳಿಗಾಲದಲ್ಲಿ ಜೌಗುನಾಡಿನ ಇಗರ್ಜಿಗಳನ್ನು ಒಂದೊಂದಾಗಿ ಬರಿದು ಮಾಡುತ್ತ ಬಂದಿದ್ದರು. ಎಲ್ಲಿ ಹೋದರೂ ಇಂಥ ಒಬ್ಬ ಮುದುಕಿ, ಇಂಥದೇ ಒಂದು ಹೆದರಿಕೆ.

"ಹೊತ್ಕೊಂಡು ಹೋಗೋಕೆ ನಾವೇನು ಕತ್ತೆಗಳಾ ಅಜ್ಜಿ?" ಎಂದ ಜರ್ವಿಸ್. ಒಲೆಯ ಕೆಂಡ ಊದುತ್ತಿದ್ದ ಮೈಲ್ಸ್, "ನಮ್ಮಣ್ಣ ಹೌದು, ನಾನಲ್ಲ," ಎಂದು ನಕ್ಕ.

ಅಜ್ಜಿ ನಗಲಿಲ್ಲ. "ಇದನ್ನು ಹೊಲಿದ ಏವಿಸಳ ಗಂಡನನ್ನೂ ಮಗನನ್ನೂ ಇದೇ ಬಾಗಿಲಲ್ಲಿ ಕಡಿದು ಹಾಕಿದ್ರು. ಕಡಿದೋರು ಧಣಿಯ ಆಳುಗಳು. ಯಾರು ಅಂತ ಊರಿಗೆಲ್ಲ ಗೊತ್ತು, ಒಬ್ಬನೂ ಬಾಯಿ ಬಿಡಲಿಲ್ಲ. ಪಾಪ ಕಳೆಯೋಕೆ ಅಂತ ಧಣಿ ಅವಳ ಕೈಯಲ್ಲೇ ಈ ಮೇಲಂಗಿ ಹೊಲಿಸಿದ. ಹನ್ನೊಂದು ವರ್ಷ ಹೊಲಿದಳು, ಸಂತರನ್ನೂ ಅವರನ್ನು ಕೊಲ್ಲೋರನ್ನೂ. ಕೊಲ್ಲೋರ ಮುಖ ಮಾತ್ರ ಹೊಲಿಯಲಿಲ್ಲ. ಇದಕ್ಕೆ ಅಲಗು ಇಟ್ಟೋನೇ ತನ್ನ ಮುಖ ಕೊಡಲಿ ಅಂತ ಹೇಳಿ ಪ್ರಾಣ ಬಿಟ್ಟಳು."

"ನನ್ನ ಮುಖ ಯಾರಿಗೆ ಬೇಕು? ಹೆಂಡತೀನೇ ಬೇಡ ಅಂತಾಳೆ," ಎಂದು ಜರ್ವಿಸ್ ಮೇಲಂಗಿಯನ್ನು ಮೇಜಿನ ಮೇಲೆ ಕೊಡವಿ ಹರಡಿದ.

ಹಳೆಯ ಮೇಣ, ಇಲಿಯ ಹಿಕ್ಕೆ, ಸಾಂಬ್ರಾಣಿಯ ವಾಸನೆ ಒಟ್ಟಿಗೆ ಮೂಗಿಗೆ ಅಡರಿತು. ಹೊರಗೆ ನಡುಹಗಲು. ಆದರೂ ಮಂಜು ಕಿಟಕಿಯ ಗಾಜಿಗೆ ಒದ್ದೆ ಕಂಬಳಿಯಂತೆ ಮೆತ್ತಿಕೊಂಡಿತ್ತು. ಕೆಂಡದ ಬೆಳಕಿನಲ್ಲಿ ಚಿನ್ನದ ಎಳೆಗಳು ಮಿಸುಕಿದವು. ಕಬ್ಬಿಣದ ಸರಳುಗಳ ಮೇಲೆ ಬೇಯುತ್ತಿದ್ದ ಸಂತ ಲಾರೆನ್ಸ್. ಚರ್ಮ ಸುಲಿಸಿಕೊಳ್ಳುತ್ತಿದ್ದ ಸಂತ ಬಾರ್ತಲೋಮಿಯ. ಕತ್ತು ಚಾಚಿದ ಸಂತ ಕ್ಯಾಥರೀನ್. ಒಬ್ಬೊಬ್ಬರ ಪಕ್ಕದಲ್ಲೂ ಆಯುಧ ಹಿಡಿದ ಕಟುಕ. ಅವನ ಟೊಪ್ಪಿಗೆಯ ಕೆಳಗೆ ಮುಖವಿರಬೇಕಾದಲ್ಲಿ ಬರಿಯ ಬಿಳಿ ನಾರುಬಟ್ಟೆ.

ಜರ್ವಿಸ್ ಚಾಕು ಇಟ್ಟು ಎಳೆದ. ಲಾರೆನ್ಸನ ಎದೆ ಎರಡಾಯಿತು. ಸೀಳಿದ ಪಟ್ಟಿಯನ್ನು ಮೈಲ್ಸ್ ಕೆಂಡಕ್ಕೆ ಹಾಕಿದ. ಸುಟ್ಟ ರೇಷ್ಮೆಯ ನಾತ ಅವರಿಗೆ ಹೊಸದೇನಲ್ಲ. ಇದು ಆ ನಾತವಲ್ಲ. ಹಂದಿಯ ಕೊಬ್ಬು ಬಾಣಲೆಗೆ ಬಿದ್ದಂಥ ಕಮಟು, ಅದರ ಜೊತೆಗೇ ಒಂದು ಚುರುಚುರು ಸದ್ದು.

"ಇಲಿ ಸತ್ತಿತ್ತೇನೋ ಒಳಗೆ," ಎಂದ ಮೈಲ್ಸ್, ಮೂಗು ಮುಚ್ಚಿಕೊಂಡು.

ಜರ್ವಿಸ್ ಬಾರ್ತಲೋಮಿಯನ ಪಕ್ಕದ ಕಟುಕನನ್ನು ನೋಡುತ್ತಿದ್ದ. ಬಿಳಿ ಬಟ್ಟೆಯ ಅಡಿಯಿಂದ ಕಂದು ದಾರವೊಂದು ಹುಳುವಿನಂತೆ ತಲೆ ಎತ್ತಿತು. ಬಾಗಿತು. ಮತ್ತೆ ಒಳಗೆ ಇಳಿಯಿತು. ಒಂದು ಹುಬ್ಬು. ಇನ್ನೊಂದು ಹುಬ್ಬು. ಗೂನು ಮೂಗು. ತುಟಿಯ ಮೇಲೆ, ಹುಡುಗನಾಗಿದ್ದಾಗ ಕುದುರೆ ಒದ್ದ ಗಾಯದ ಗುರುತು.

ಅದು ಅವನದೇ ಮುಖ.

ಚಾಕು ಕೆಳಗಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಮೊಣಕೈವರೆಗೆ ಚಳಿ ಹತ್ತಿತ್ತು. ಅಷ್ಟು ಉದ್ದಕ್ಕೂ ಸಾವಿರ ಸೂಜಿ ಒಳಗೆ ಹೊರಗೆ ಓಡಾಡಿದಂತೆ ಚರ್ಮ ಬಿಗಿಯುತ್ತಿತ್ತು.

"ಮೈಲ್ಸ್, ಎದ್ದು ಹೊರಗೆ ಹೋಗು."

"ಯಾಕೋ?"

"ಹೋಗೋ."

ಮೈಲ್ಸ್ ತಿರುಗುವಷ್ಟರಲ್ಲಿ ಚಾಕು ಹಿಡಿದ ಕೈ ಮೇಲೆದ್ದಿತ್ತು. ಮೊದಲ ಏಟು ಕೆನ್ನೆಗೆ. ಕಿವಿಯಿಂದ ಗಲ್ಲದವರೆಗೆ ಚರ್ಮ ಜೋತುಬಿತ್ತು. ಎರಡನೆಯದು ಹೆಗಲ ಮೂಳೆಗೆ ತಾಗಿ ಕರಕ್ಕೆಂದಿತು. "ಅಣ್ಣಾ," ಎಂದ ಮೈಲ್ಸ್, ಅಷ್ಟೇ. ನೆಲಕ್ಕುರುಳಿದ. ಜರ್ವಿಸ್ ಅವನ ಎದೆಯ ಮೇಲೆ ಮೊಣಕಾಲೂರಿದ್ದ. ತಾನೇ ಊರಿದ್ದೆಂದು ಅವನಿಗೆ ಗೊತ್ತಿರಲಿಲ್ಲ. ಅಜ್ಜಿ ಹಿತ್ತಾಳೆಯ ಮೇಣದಕಂಬ ಎತ್ತಿ ಅವನ ಮಣಿಕಟ್ಟಿಗೆ ಬಡಿದಳು. ಮೂಳೆ ಮುರಿಯಿತು. ಹಿಡಿತ ಸಡಿಲಲಿಲ್ಲ. ಅಲಗು ತಮ್ಮನ ಗಂಟಲಿಗೆ ತಾಗಿತು. ಒತ್ತಿತು. ರಕ್ತ ಬೆಚ್ಚಗೆ ಹೊಮ್ಮಿತು. ಎಡಕ್ಕೆ ಒಲೆಯಿತ್ತು. ಜರ್ವಿಸ್ ತನ್ನ ಇಡೀ ಮೈಯನ್ನು ಎಡಕ್ಕೆ ಎಸೆದ. ಕೈಯನ್ನು ಕೆಂಡದೊಳಗೆ ತುರುಕಿದ. ಕೈ ಹೊರಬರಲು ಎಳೆಯಿತು. ಅವನು ಅದರ ಮೇಲೆ ಮಲಗಿದ. ಕಿರುಚಿದ. ಮಲಗಿಯೇ ಇದ್ದ. ಬೆರಳುಗಳು ಒಡೆದವು. ಚಾಕು ಕೆಂಡದಲ್ಲಿ ಬಿತ್ತು.

ಕಣ್ಣು ಬಿಟ್ಟಾಗ ಅಜ್ಜಿಯ ಗುಡಿಸಲಿನಲ್ಲಿದ್ದ. ಬಲಗೈ ಮೊಣಕೈಗೆ ಮುಗಿದಿತ್ತು. ಕಮ್ಮಾರ ಬಂದು ಉಳಿದದ್ದನ್ನು ಕಡಿದು ಹೋಗಿದ್ದ. ಆಚೆಯ ಗೋಡೆಗೆ ಒರಗಿ ಮೈಲ್ಸ್ ಕೂತಿದ್ದ. ಅವನ ಕತ್ತಿನ ಸುತ್ತ ಬಟ್ಟೆ. ಬದುಕಿದ್ದ.

"ಅಜ್ಜಿ, ಆ ಕೈ ಹೋಯ್ತಲ್ಲ," ಎಂದ ಜರ್ವಿಸ್. ನಾಲಿಗೆ ಒಣಗಿತ್ತು. "ಇನ್ನು ಮುಗೀತು ತಾನೆ?"

ಅಜ್ಜಿ ಅವನ ಬಾಯಿಗೆ ಗಂಜಿ ಹಿಡಿದಳು.

"ಸೀಳೋವಾಗ ಬಟ್ಟೆ ಬಿಗಿಯಾಗಿ ಹಿಡ್ಕೊಂಡಿದ್ದು ಯಾವ ಕೈಯಪ್ಪಾ?"

ಜರ್ವಿಸ್ ಹೊದಿಕೆಯ ಮೇಲಿದ್ದ ತನ್ನ ಎಡಗೈ ನೋಡಿದ. ಅದು ಸುಮ್ಮನಿತ್ತು.

ಅಜ್ಜಿ ಎದ್ದು, ಮೇಜಿನ ಮೇಲಿದ್ದ ರೊಟ್ಟಿ ಕೊಯ್ಯುವ ಚೂರಿಯನ್ನು ಶಾಲಿನಡಿ ಮುಚ್ಚಿಕೊಂಡು ಹೊರಗೆ ಹೋದಳು. ಮೈಲ್ಸ್ ಗೋಡೆ ಹಿಡಿದು ಎದ್ದ. ಅಣ್ಣನ ಕಡೆ ಬೆನ್ನು ಮಾಡದೆ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಅವನೂ ಬಾಗಿಲು ದಾಟಿದ. ಹೊರಗಿನಿಂದ ಅಗುಳಿ ಬಿದ್ದ ಸದ್ದಾಯಿತು.